ಸೊಕ್ಕೆಯಿಂದ ಬಂದ ಬೆನ್ನುಹುರಿ

ನಿವೃತ್ತಳಾಗಿ ಚನ್ನಗಿರಿಯ ಮನೆಗೆ ಬಂದು ಕೂತ ಮೇಲೆ ಒಂದು ವಿಷಯ ತಿಳಿಯಿತು. ಇಷ್ಟು ವರ್ಷ ನಾನು ಏನು ಕೆಲಸ ಮಾಡುತ್ತಿದ್ದೆ ಅನ್ನುವುದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ದನದ ಡಾಕ್ಟರು ಅಂತ ಮಾತ್ರ ಗೊತ್ತು. ಬಂದ ವಾರವೇ ಎದುರು ಮನೆಯ ಅಡಿಕೆ ವ್ಯಾಪಾರಿ ಗೇಟಿನ ಹತ್ತಿರ ನಿಂತು, “ಅಮ್ಮಾರೆ, ನಮ್ ಹಸ ಮೇವು ಬಿಟ್ಟೈತೆ, ಒಂದ್ ಸಲ ನೋಡ್ರಿ” ಎಂದರು. “ಜೀವ ಇರೋ ಹಸ ಮುಟ್ಟಿ ನಂಗೆ ಯಾವ ಕಾಲ ಆತೋ ಏನೋ, ಆಸ್ಪತ್ರೆಗೆ ಕರಕೊಂಡು ಹೋಗ್ರಿ” ಎಂದೆ. ಅವರು ನಂಬಲಿಲ್ಲ. ರಿಟೈರ್ ಆದ ಮೇಲೆ ಜಂಭ ಬಂದಿದೆ ಅಂದುಕೊಂಡಿರಬೇಕು.

ನಾನು ನೋಡುತ್ತಿದ್ದದ್ದು ಸತ್ತ ಪ್ರಾಣಿಗಳ ಒಳಗನ್ನು. ಅದೂ ಉಗುರಿನಷ್ಟು ತುಂಡನ್ನು, ಗಾಜಿನ ಪಟ್ಟಿಯ ಮೇಲೆ, ಬಣ್ಣ ಹಾಕಿ. ಈ ವರ್ಷ ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಫೋನ್ ಮಾಡಿ, “ಮೇಡಂ, ಲಿವರ್, ಕಿಡ್ನಿ ಬಂದ್ರೆ ಪರವಾಗಿಲ್ಲ, ಬೆನ್ನುಹುರಿ ಬಂದ್ರೆ ಕೈ ನಡುಗುತ್ತೆ” ಎಂದರು. ನನಗೆ ಖುಷಿಯಾಯಿತು. ನಡುಗಬೇಕಾದದ್ದಕ್ಕೆ ಸರಿಯಾಗಿ ನಡುಗುತ್ತಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಅನ್ನುವುದನ್ನು ಬರೆಯುವುದಿಲ್ಲ. ಅದು ಇಲಾಖೆಯಲ್ಲಿ ಇದ್ದೇ ಇದೆ, ಅದರಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ.

ಬೆನ್ನುಹುರಿ ನೋಡಲು ಏನೂ ಅಲ್ಲ. ಕುರಿಯದಾದರೆ ಕಿರುಬೆರಳಿನಷ್ಟು ದಪ್ಪ, ಬೆಳ್ಳಗೆ, ಮುಟ್ಟಿದರೆ ಗಟ್ಟಿ ಮೊಸರಿಗಿಂತ ಸ್ವಲ್ಪ ಬಿಗಿ. ಮೂಳೆ ಕತ್ತರಿಸಿ ಅದನ್ನು ಹೊರಗೆ ತೆಗೆಯುವಾಗ ಹೆಬ್ಬೆರಳು ಒತ್ತಿದರೂ ಒಳಗಿನ ನರಕೋಶಗಳು ಮುದುಡಿ ಕಪ್ಪಾಗುತ್ತವೆ. ಆಮೇಲೆ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಅದು ರೋಗವೋ ನಮ್ಮ ಹೆಬ್ಬೆರಳೋ ಎಂದು ತಲೆ ಕೆರೆದುಕೊಳ್ಳಬೇಕು. ನಮ್ಮ ಬೇಸಿಗೆಯಲ್ಲಿ ಪ್ರಾಣಿ ಸತ್ತು ಅರ್ಧ ದಿನ ಕಳೆದರೆ ಅದು ನೀರಾಗಿ ಹೋಗಿರುತ್ತದೆ. ಹಾಗಾಗಿ ತೆಗೆದ ತಕ್ಷಣ ಫಾರ್ಮಲಿನ್‌ನಲ್ಲಿ ಮುಳುಗಿಸಬೇಕು. ಕೊಳೆಯದಂತೆ ಹಿಡಿದಿಡುವ ನೀರು ಅದು. ಕಣ್ಣು ಉರಿಸುವುದೂ ಅದೇ. ನನ್ನ ಮೂಗು ಅರ್ಧ ಕೆಲಸ ನಿಲ್ಲಿಸಿದ್ದು ಅದರಿಂದಲೇ. ಮನೆಯಲ್ಲಿ ಸಾರು ಸೀದರೆ ಎಲ್ಲರಿಗಿಂತ ಕೊನೆಗೆ ಗೊತ್ತಾಗುವುದು ನನಗೆ.

ನಾನು ಸೇರಿದಾಗ ನಮ್ಮ ಮೇಲಿದ್ದವರು ಡಾಕ್ಟರ್ ಶಿವಯೋಗಪ್ಪ, ಹೊನ್ನಾಳಿ ಕಡೆಯವರು. ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಬೈದರೆ ಕಾರಿಡಾರಿನ ಆ ತುದಿಗೆ ಕೇಳುತ್ತಿತ್ತು, ಬೈದ ಮೇಲೆ ತಾವೇ ಚಹಾ ತರಿಸುತ್ತಿದ್ದರು. ಎಷ್ಟೇ ಸೆಕೆ ಇರಲಿ, ಮೈಕ್ರೋಟೋಮ್ ಓಡುವಾಗ ಫ್ಯಾನ್ ಹಾಕುವಂತಿರಲಿಲ್ಲ. ಮೇಣದಲ್ಲಿ ಹುದುಗಿಸಿದ ತುಂಡನ್ನು ಕೂದಲಿಗಿಂತ ಎಷ್ಟೋ ಪಾಲು ತೆಳ್ಳಗೆ ಹೆರೆಯುವ ಯಂತ್ರ ಅದು. ಹೆರೆದ ಪದರ ಪಟ್ಟಿಯಾಗಿ ಬರುತ್ತದೆ, ಉಸಿರು ಬಿಟ್ಟರೂ ಹಾರುತ್ತದೆ. ಒಮ್ಮೆ ಯಾರೋ ಬಾಗಿಲು ತೆಗೆದ ಗಾಳಿಗೆ ನನ್ನ ಅರ್ಧ ದಿನದ ಕೆಲಸ ಹಾರಿ ಸಾಹೇಬರ ಕನ್ನಡಕದ ಮೇಲೆ ಕೂತಿತು. ಅವರು ಕನ್ನಡಕ ತೆಗೆದು, ಬೆಳಕಿಗೆ ಹಿಡಿದು, “ಪದರ ಚೆನ್ನಾಗಿ ಬಂದೈತೆ, ಬಿಡ್ರಿ” ಎಂದರು.

ಬೆಳ್ಳಿ ಬಣ್ಣದ ಕಥೆಯನ್ನೂ ಹೇಳಬೇಕು. ನರಕೋಶದ ಕವಲುಗಳನ್ನು, ಅದಕ್ಕೆ ಬಂದು ತಾಗುವ ಇತರ ಕೋಶಗಳ ತುದಿಗಳನ್ನು ನೋಡಬೇಕಾದರೆ ಬೆಳ್ಳಿಯ ದ್ರಾವಣ ಹಾಕುತ್ತೇವೆ. ಅದಕ್ಕೆ ಶುದ್ಧ ಬಟ್ಟಿ ನೀರೇ ಆಗಬೇಕು. ಒಂದು ಸಲ ಕ್ಯಾನಿನಲ್ಲಿ ಬಟ್ಟಿ ನೀರು ಮುಗಿದಿದ್ದು ನೋಡಿ, ನಮ್ಮ ಅಟೆಂಡರ್ ಪಾಪ ಒಳ್ಳೆಯ ಮನಸ್ಸಿನಿಂದ ಬೋರ್‌ವೆಲ್ ನೀರು ತುಂಬಿಸಿಟ್ಟ. ನಮ್ಮ ಕಡೆಯ ಬೋರ್‌ವೆಲ್ ನೀರು ಎಂದರೆ ಕೇಳಬೇಕೆ, ಬಕೆಟ್ಟಿಗೇ ಬಿಳಿ ಪದರ ಕಟ್ಟುತ್ತದೆ. ಬೆಳ್ಳಿಗೆ ಉಪ್ಪು ತಾಗಿ ಆ ದಿನದ ಅಷ್ಟೂ ಗಾಜುಗಳು ಹಂಚಿನ ತಳದ ಹಾಗೆ ಕಪ್ಪಾದವು. ಆವತ್ತು ಸಾಹೇಬರು ಬೈಯದೆಯೇ ಚಹಾ ತರಿಸಿದರು.

ಬೆಳ್ಳಿ ಸರಿಯಾಗಿ ಹಿಡಿದ ದಿನ ಮಾತ್ರ ಬೇರೆ. ಬೆನ್ನುಹುರಿಯನ್ನು ಅಡ್ಡಕ್ಕೆ ಹೆರೆದರೆ ನಡುವೆ ಚಿಟ್ಟೆಯ ಆಕಾರದ ಬೂದು ಭಾಗ, ಸುತ್ತ ಬಿಳಿ ಭಾಗ. ಮನುಷ್ಯರ ಡಾಕ್ಟರರು ಚಿಟ್ಟೆಯ ರೆಕ್ಕೆಗಳಿಗೆ ಹಿಂದಿನದು, ಮುಂದಿನದು ಎನ್ನುತ್ತಾರೆ. ನಮ್ಮವು ನಾಲ್ಕು ಕಾಲಿನವು, ನಮಗೆ ಮೇಲಿನದು, ಕೆಳಗಿನದು. ಮೇಲಿನ ರೆಕ್ಕೆಯಲ್ಲಿ ಸಣ್ಣ ಸಣ್ಣ ಕೋಶಗಳು. ಮುಟ್ಟಿದ್ದು, ಚುಚ್ಚಿದ್ದು, ಬಿಸಿ, ತಂಪು ಎಲ್ಲ ಅಲ್ಲಿಗೆ ಬರುತ್ತದೆ. ಕೆಳಗಿನ ರೆಕ್ಕೆಯಲ್ಲಿ ದೊಡ್ಡ ದೊಡ್ಡ ಕೋಶಗಳು, ಕಾಲಿನ ಮಾಂಸಖಂಡಕ್ಕೆ ‘ಎತ್ತು’ ಎಂದು ಹೇಳುವಂಥವು. ಅಂಥ ಒಂದು ಕೋಶದ ಮೈಮೇಲೆ, ಕವಲುಗಳ ಮೇಲೆ, ಬೇರೆ ಕಡೆಯಿಂದ ಬಂದ ಎಳೆಗಳ ತುದಿಗಳು ಅಂಗಿಯ ಪುಟ್ಟ ಗುಂಡಿಗಳ ಹಾಗೆ ಒತ್ತೊತ್ತಾಗಿ ಕೂತಿರುತ್ತವೆ. ಸಿನಾಪ್ಸ್ ಎನ್ನುವುದು ಅಲ್ಲಿಯೇ. ಆದರೆ ಗುಂಡಿ ಕೋಶಕ್ಕೆ ಅಂಟಿಕೊಂಡಿರುವುದಿಲ್ಲ, ನಡುವೆ ಒಂದು ಸಂದು ಇರುತ್ತದೆ. ನಮ್ಮ ಮೈಕ್ರೋಸ್ಕೋಪಿಗೆ ಆ ಸಂದು ಕಾಣುವುದಿಲ್ಲ. ತರಬೇತಿಗೆ ಹೋದಾಗ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರದಲ್ಲಿ ಅದನ್ನು ಮೊದಲ ಬಾರಿ ನೋಡಿದೆ. ಒಂದು ಕುರಿ ಹೆಜ್ಜೆ ಇಡುವುದು ಆ ಸಂದು ದಾಟಿ ಬರುವ ಸುದ್ದಿಯಿಂದ ಎಂದು ಓದಿ ಗೊತ್ತಿತ್ತು, ಕಣ್ಣಿಗೆ ಕಂಡಿದ್ದು ಆವತ್ತೇ.

ಈಗ ಎಲ್ಲ ಬದಲಾಗಿದೆ. ಸ್ಲೈಡನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುತ್ತೀರಿ, ನ್ಯಾಮತಿಯಲ್ಲಿ ಕೂತ ಡಾಕ್ಟರ್ ತನ್ನ ಫೋನಿನಲ್ಲೇ ನೋಡುತ್ತಾನೆ. ಬಹಳ ಒಳ್ಳೆಯದು, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಆ ತುಂಡು ಎಲ್ಲಿಂದ ಬಂತು, ಯಾರ ಕೈಯಲ್ಲಿ ಬಂತು ಅನ್ನುವುದನ್ನು ಸ್ಕ್ಯಾನರ್ ಹೇಳುವುದಿಲ್ಲ. ಇದನ್ನು ನಾನು ಕಲಿತದ್ದು ಸೊಕ್ಕೆಯ ಈರಕ್ಕನಿಂದ. ಉಳಿದದ್ದೆಲ್ಲ ಮರೆತರೂ ಈ ಒಂದನ್ನು ನೆನಪಿಡಿ.

ಈರಕ್ಕನದು ಸೊಕ್ಕೆ, ಜಗಳೂರು ತಾಲ್ಲೂಕು. ಗಂಡ ಬಿಳಿಚೋಡಿನಲ್ಲಿ ಹೊಲ ನೋಡಿಕೊಳ್ಳುತ್ತಿದ್ದ, ಕುರಿ ಮಾತ್ರ ಅವಳವು, ತವರಿನಿಂದ ಬಂದವು. ಹಾಗಾಗಿ ತವರೂರಿನಲ್ಲೇ ತಮ್ಮ ಬಸಪ್ಪನ ಹಿಂಡಿನ ಜೊತೆ ಮೇಯಿಸುತ್ತಿದ್ದಳು. ಪ್ರತಿ ವರ್ಷ ಭತ್ತದ ಕೊಯ್ಲು ಮುಗಿದ ಮೇಲೆ ಅವರ ನಾಲ್ಕಾರು ಮನೆಯ ಹಿಂಡುಗಳು ಕೂಡಿ ಹೊನ್ನಾಳಿ, ಚನ್ನಗಿರಿ ಕಡೆಯ ನೀರಾವರಿ ಗದ್ದೆಗಳಿಗೆ ಹೊರಡುತ್ತವೆ. ಗೊಬ್ಬರಕ್ಕಾಗಿ ಗದ್ದೆಯವರು ರಾತ್ರಿ ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ, ಕುರಿಗೆ ಕೊಯ್ದು ಬಿಟ್ಟ ಕೂಳೆಯ ಮೇವು, ಕುರಿಯವರಿಗೆ ದವಸ. ಈ ಪ್ರಯಾಣ ಗುಂಪಿನಲ್ಲೇ ಆಗಬೇಕು. ಒಂಟಿ ಹೆಂಗಸು ಹಿಂಡು ಹೊಡೆದುಕೊಂಡು ಹೋಗಲು ಸಾಧ್ಯವಿಲ್ಲ.

ಆ ವರ್ಷ ಅವಳ ಹಿಂಡಿನಲ್ಲಿ ಹುಟ್ಟಿದ ಮರಿಗಳು ಒಂದಾದ ಮೇಲೊಂದು ಸೊಂಟ ಬೀಳತೊಡಗಿದವು. ಮುಂಗಾಲು ಗಟ್ಟಿ, ಮುಖದಲ್ಲಿ ಕಳೆ, ಹಾಲು ಬೇಕೆಂದು ಕೂಗುತ್ತವೆ, ಆದರೆ ಓಡಿಸಿದರೆ ಹಿಂಗಾಲು ತೂರಾಡಿ ನಾಯಿಯ ಹಾಗೆ ಕೂತುಬಿಡುತ್ತವೆ. ಬಸಪ್ಪನ ಮರಿಗಳಿಗೆ ಹಾಗಾಗಿರಲಿಲ್ಲ. ಇದು ಅಂಟುರೋಗ ಎಂದು ಉಳಿದ ಹಿಂಡಿನವರು ಹೆದರಿದರು. ತಾಲ್ಲೂಕಿನ ಪಶು ಆಸ್ಪತ್ರೆಯ ಎಳೆಯ ಡಾಕ್ಟರ್ ಪ್ರಕಾಶ್, ಮುಂದಿನ ಮರಿ ಸತ್ತರೆ ಬೆನ್ನುಮೂಳೆ ಕೆಡದ ಹಾಗೆ ತಂದುಕೊಡಿ ಎಂದು ಈರಕ್ಕನಿಗೆ ಹೇಳಿದ್ದ. ಅವಳು ತಂದುಕೊಟ್ಟಳು. ಅವನು ಅದನ್ನು ಫಾರ್ಮಲಿನ್ ಡಬ್ಬಿಗೆ ಹಾಕಿ ನಮ್ಮ ಲ್ಯಾಬಿಗೆ ಕಳಿಸಿದ.

ಸ್ಲೈಡ್ ಮಾಡಿದವಳು ನಾನು. ನೋಡಿದವರು ಸಾಹೇಬರು. ನರಕೋಶಗಳೆಲ್ಲ ಮುದುಡಿ, ಕಪ್ಪಾಗಿ, ಸುತ್ತ ಖಾಲಿ ಬಿಟ್ಟುಕೊಂಡು ನಿಂತಿದ್ದವು. ಅತ್ತ ಹಿಂಡುಗಳು ಹೊರಡುವ ದಿನ ಹತ್ತಿರ ಬಂದಿತ್ತು, ಪ್ರಕಾಶ್ ಬೆಳಿಗ್ಗೆ ಸಂಜೆ ಫೋನ್ ಮಾಡುತ್ತಿದ್ದ. “ನರಕೋಶ ಇಷ್ಟೊಂದು ಸತ್ತಾವೆ. ಸೋಂಕಲ್ಲ ಅಂತ ಹೇಳಾಕೆ ನಂಗೆ ಧೈರ್ಯ ಇಲ್ಲಪ್ಪ. ಸದ್ಯಕ್ಕೆ ಆ ಹಿಂಡು ಬ್ಯಾರೆ ಇಡ್ರಿ” ಎಂದು ಸಾಹೇಬರು ಹೇಳಿಬಿಟ್ಟರು. ಆ ಮಾತು ಸಂಜೆಯೊಳಗೆ ಸೊಕ್ಕೆ ಮುಟ್ಟಿತು. ಬಸಪ್ಪ ತನ್ನ ಹಿಂಡನ್ನು ಅಕ್ಕನ ಹಿಂಡಿನಿಂದ ಬೇರೆ ಮಾಡಿದ.

ನಾನು ಆ ಸ್ಲೈಡನ್ನು ಮತ್ತೆ ಮತ್ತೆ ನೋಡುತ್ತಿದ್ದೆ. ಯಾಕೋ ಮನಸ್ಸಿಗೆ ಒಪ್ಪುತ್ತಿರಲಿಲ್ಲ. ಮೇಲಿನ ರೆಕ್ಕೆಯ ಕೋಶಗಳೂ ಮುದುಡಿದ್ದವು, ಕೆಳಗಿನವೂ ಮುದುಡಿದ್ದವು, ನರಗಳಿಗೆ ಆಸರೆಯಾಗಿರುವ ಸಣ್ಣ ಕೋಶಗಳೂ ಮುದುಡಿದ್ದವು. ಹೊರ ಅಂಚಿನಲ್ಲಿ ಹೆಚ್ಚು, ಒಳಗೆ ಹೋದಂತೆ ಕಡಿಮೆ. ರೋಗ ಹೀಗೆ ಮಾಡುವುದಿಲ್ಲ. ರೋಗಕ್ಕೆ ಯಾವಾಗಲೂ ಬೇಕಾದವರು, ಬೇಡದವರು ಇರುತ್ತಾರೆ, ಅದು ಆರಿಸಿ ಹಿಡಿಯುತ್ತದೆ. ಸೋಂಕಾಗಿದ್ದರೆ ರಕ್ತನಾಳದ ಸುತ್ತ ಬಿಳಿ ರಕ್ತಕಣಗಳು ಗುಂಪು ಕಟ್ಟಿರಬೇಕಿತ್ತು. ಒಂದೂ ಇರಲಿಲ್ಲ.

ಇದನ್ನು ಸಾಹೇಬರಿಗೆ ಹೇಳಿದೆ. ಅವರು ಕಣ್ಣು ಲೆನ್ಸಿಗಿಟ್ಟು ಸ್ಲೈಡನ್ನು ಅಂಚಿನಿಂದ ಒಳಕ್ಕೆ ಸರಿಸುತ್ತಾ ನೋಡಿದರು. ಬೈಯುತ್ತಾರೆ ಅಂದುಕೊಂಡೆ. “ಇದು ಹೊರಗಿಂದ ಒಳಗೆ ಹೋಗೇತೆ ಕಣ್ರಿ ಮೇಡಂ. ಅವಸರಕ್ಕೆ ಬಿದ್ದು ನಾನೇ ಹೆಂಗ್ ತಂದ್ರು ಅಂತ ಕೇಳ್ಲಿಲ್ಲ” ಎಂದರು. ಆಮೇಲೆ, “ಫೋನಿನಾಗೆ ಬ್ಯಾಡ. ನಾಳೆ ನೀವೇ ಸೊಕ್ಕೆಗೆ ಹೋಗಿ ಕೇಳ್ಕೊಂಡು ಬರ್ರಿ” ಎಂದರು.

ಜಗಳೂರಿನಿಂದ ಪ್ರಕಾಶನ ಬೈಕಿನ ಹಿಂದೆ ಕೂತು ಹೋದೆ. ಊರ ಹೊರಗೆ ಮುಳ್ಳಿನ ಬೇಲಿಯ ಒಂದು ಕಡೆ ಬಸಪ್ಪನ ಹಿಂಡು, ಇನ್ನೊಂದು ಕಡೆ, ಸಾಕಷ್ಟು ದೂರದಲ್ಲಿ, ಈರಕ್ಕನದು. ಅವಳು ಹೊಂಗೆಯ ನೆರಳಲ್ಲಿ ಕೂತು ತೊಡೆಯ ಮೇಲಿನ ಸೊಂಟ ಬಿದ್ದ ಮರಿಗೆ ಬಾಟಲಿಯಿಂದ ಹಾಲು ಕುಡಿಸುತ್ತಿದ್ದಳು. ನಾನು ಲ್ಯಾಬಿನಿಂದ ಬಂದವಳು ಎಂದು ಪ್ರಕಾಶ್ ಹೇಳಿದ ತಕ್ಷಣ, “ಬಾರಮ್ಮ, ನೀನೇನಾ ನನ್ ಕುರೀನ ಬ್ಯಾರೆ ಮಾಡ್ಸಿದಾಕಿ?” ಎಂದಳು. ಮಾತಿನಲ್ಲಿ ಸಿಟ್ಟಿತ್ತು, ಆದರೂ ಕೂರಲು ಕಂಬಳಿ ಹಾಸಿದಳು.

“ಈರಕ್ಕ, ಆ ಬೆನ್ನುಮೂಳೆ ತಂದ್ರಲ್ಲ, ಹೆಂಗ್ ತಂದ್ರಿ? ಸ್ವಲ್ಪ ಬಿಡಿಸಿ ಹೇಳ್ರಿ” ಎಂದೆ.

“ಹೆಂಗಂದ್ರೆ? ಕೆಡಬಾರ್ದು ಅಂದಿದ್ರಲ್ಲ ಡಾಕ್ಟ್ರು. ಆವತ್ತು ಬಸ್ ಸಿಗ್ಲಿಲ್ಲ, ಮರುದಿನ ಹೋಗ್ಬೇಕಿತ್ತು. ಮೂಳೆ ಸೀಳಿ, ಉಪ್ಪು ಸವರಿ, ಬಟ್ಟೆ ಸುತ್ತಿ ಮಡಗಿದ್ದೆ. ಉಪ್ಪುಕಂಡಕ್ಕೆ ಮಾಡ್ತೀವಲ್ಲ ಹಂಗೆ. ಒಂದ್ಚೂರೂ ವಾಸ್ನೆ ಬಂದಿರ್ಲಿಲ್ಲ, ಕೇಳು ಅವ್ರನ್ನ.”

ಪ್ರಕಾಶ್ ಹೌದೆಂದು ತಲೆಯಾಡಿಸಿದ. ವಾಸನೆಯೇ ಇಲ್ಲದ್ದು ನೋಡಿ ಅವನಿಗೆ ಆವತ್ತು ಸಂತೋಷವೇ ಆಗಿತ್ತಂತೆ. ಅವಳು ಮಾಡಿದ್ದು ತಲೆತಲಾಂತರದಿಂದ ಮಾಂಸ ಉಳಿಸಿಕೊಂಡು ಬಂದ ಬಗೆ, ಅದರಲ್ಲಿ ಯಾರೂ ತಪ್ಪು ಹುಡುಕುವಂತಿಲ್ಲ. ಉಪ್ಪು ಕೋಶದೊಳಗಿನ ನೀರನ್ನೆಲ್ಲ ಹೀರಿಕೊಂಡಿತ್ತು, ಅಷ್ಟೆ. ನಾವು ರೋಗ ಎಂದದ್ದು ಅದನ್ನು.

ಹಾಗಾದರೆ ನಿಜವಾದ ರೋಗ ಯಾವುದು? ಅದು ಗೊತ್ತಾಗಬೇಕಾದರೆ ಕೆಡದ, ಉಪ್ಪು ತಾಗದ ಬೆನ್ನುಹುರಿ ಬೇಕು. ನನ್ನ ಕಣ್ಣು ಅವಳ ತೊಡೆಯ ಮೇಲಿನ ಮರಿಯತ್ತ ಹೋಯಿತು. ಅವಳೂ ನೋಡಿದಳು.

“ಇದು ಸತ್ತ ಮ್ಯಾಲೆ ಕೊಡ್ತೀನಿ, ತಗಂಡ್ ಹೋಗು” ಎಂದಳು.

ಸತ್ತ ಮೇಲೆ ಸುದ್ದಿ ಬಂದು, ನಾನು ಬರುವಷ್ಟರಲ್ಲಿ ಅದು ನೀರಾಗಿರುತ್ತದೆ ಎಂದು ವಿವರಿಸಿದೆ. ಇಂಥ ಮರಿಗಳು ಮತ್ತೆ ನಡೆಯುವುದಿಲ್ಲ ಎಂದೂ ಹೇಳಿದೆ. ಇಂಥ ಮಾತು ಹೇಳುವುದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ.

ಬಸಪ್ಪ ಬೇಲಿಯ ಆಚೆಯಿಂದಲೇ ಕೇಳಿಸಿಕೊಳ್ಳುತ್ತಿದ್ದ. “ಅಕ್ಕ, ನಂಗೇನ್ ನಿನ್ ಬಿಟ್ ಹೋಗಾಕೆ ಇಷ್ಟಾನಾ? ಉಳಿದೋರು ಒಪ್ಪಲ್ಲ. ಡಾಕ್ಟ್ರಮ್ಮ ಒಂದ್ ಮಾತು ಹೇಳಿದ್ರೆ ಎಲ್ರಿಗೂ ಹೇಳಾಕೆ ಬಾಯಿ ಬರ್ತೈತೆ” ಎಂದ.

ಈರಕ್ಕ ಬಾಟಲಿಯ ಹಾಲನ್ನು ಪೂರ್ತಿ ಕುಡಿಸಿದಳು. ಮರಿಯ ಬಾಯಿ ಸೆರಗಿನಿಂದ ಒರೆಸಿ, “ನಾನೇ ಹಿಡ್ಕಂತೀನಿ. ಬ್ಯಾರೆ ಯಾರೂ ಮುಟ್ಬ್ಯಾಡ್ರಿ” ಎಂದಳು. ಪ್ರಕಾಶ್ ಸೂಜಿ ಚುಚ್ಚಿದಾಗ ಮರಿ ಒಮ್ಮೆ ಕೂಗಿತು. ಅವಳ ಅಂಗೈ ಅದರ ಬೆನ್ನಿನ ಮೇಲೆಯೇ ಇತ್ತು, ಅದರ ಉಸಿರು ಪೂರ್ತಿ ನಿಂತ ಮೇಲೂ ತೆಗೆಯಲಿಲ್ಲ. ಕೊನೆಗೆ ಮರಿಯನ್ನು ನನ್ನ ಕೈಗಿಟ್ಟು, ತಿರುಗಿ ನೋಡದೆ ಹಿಂಡಿನ ಕಡೆ ಹೋದಳು.

ನಾನು ಹೆಬ್ಬೆರಳು ತಾಗಿಸದೆ ಹುರಿಯನ್ನು ಬಿಡಿಸಿ ಫಾರ್ಮಲಿನ್‌ಗೆ ಹಾಕಿದೆ, ಲಿವರಿನ ಒಂದು ತುಂಡನ್ನೂ ತೆಗೆದುಕೊಂಡೆ. ಅಷ್ಟು ಎಚ್ಚರದಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಹುರಿ ಗಟ್ಟಿಯಾಗಿ, ಮೇಣಕ್ಕೆ ಹೋಗಿ, ಪದರವಾಗಿ, ಬಣ್ಣ ಹಿಡಿದು ಬರುವ ತನಕ ಕಾಯುವುದಿದೆಯಲ್ಲ, ಹೊಸಬರಿಗೆ ಅದೇ ಕಷ್ಟ. ಅವಸರ ಮಾಡುವಂತಿಲ್ಲ. ಸ್ಲೈಡ್ ಬಂದ ದಿನ ಸಾಹೇಬರು ಮೊದಲು ನೋಡಲು ನನಗೇ ಹೇಳಿದರು. ಮೇಲಿನ ರೆಕ್ಕೆಯ ಕೋಶಗಳು ಸೊಗಸಾಗಿದ್ದವು. ಕೆಳಗಿನ ರೆಕ್ಕೆಗೆ ಬಂದರೆ, ಕಾಲು ಎತ್ತಿಸಬೇಕಾದ ದೊಡ್ಡ ಕೋಶಗಳು ಊದಿಕೊಂಡು ಪೇಲವವಾಗಿದ್ದವು. ಆರೋಗ್ಯವಾಗಿದ್ದರೆ ಅವುಗಳ ಒಳಗೆ ರವೆ ಚೆಲ್ಲಿದಂತೆ ನೇರಳೆ ಕಾಳುಗಳು ಕಾಣಬೇಕು. ಅವು ಕರಗಿಹೋಗಿದ್ದವು, ನಡುವೆ ಇರಬೇಕಾದ ಕೋಶಕೇಂದ್ರ ಒಂದು ಮೂಲೆಗೆ ಸರಿದಿತ್ತು. ಬಿಳಿ ಭಾಗದಲ್ಲಿ ಎಳೆಗಳ ಮೇಲಿನ ಕೊಬ್ಬಿನ ಹೊದಿಕೆ ಅಲ್ಲಲ್ಲಿ ಇರಲೇ ಇಲ್ಲ. ಬೆಳ್ಳಿ ಹಾಕಿ ನೋಡಿದರೆ ಎಷ್ಟೋ ಗುಂಡಿಗಳು ಇನ್ನೂ ತಮ್ಮ ಜಾಗದಲ್ಲೇ ಕೂತಿದ್ದವು. ಸುದ್ದಿ ಬಾಗಿಲ ತನಕ ಬರುತ್ತಿತ್ತು, ಕೇಳಿ ಕೆಲಸ ಮಾಡಲು ಒಳಗಿನವನಿಗೆ ತ್ರಾಣ ಇರಲಿಲ್ಲ. ಸೋಂಕಿನ ಗುರುತು ಎಲ್ಲಿಯೂ ಇಲ್ಲ.

ಸಾಹೇಬರು ನೋಡಿ ಒಂದೇ ಮಾತು ಹೇಳಿದರು, “ತಾಮ್ರ.” ಗಬ್ಬದ ಕುರಿಗೆ ಮೇವಿನಲ್ಲಿ ತಾಮ್ರದ ಅಂಶ ಸಾಲದಿದ್ದರೆ ಹೊಟ್ಟೆಯೊಳಗಿನ ಮರಿಯ ನರಗಳು ಹೀಗಾಗುತ್ತವೆ. ವಿಚಾರಿಸಿದರೆ, ಆ ವರ್ಷ ಈರಕ್ಕ ಗಬ್ಬದ ಕುರಿಗಳನ್ನು ಬೇರೆ ಒಂದು ಬೀಳು ಜಮೀನಿನಲ್ಲಿ ಮೇಯಿಸಿದ್ದಳು, ಅದಕ್ಕೇ ಬಸಪ್ಪನ ಹಿಂಡಿಗೆ ಬಂದಿರಲಿಲ್ಲ. ಲಿವರಿನ ಪರೀಕ್ಷೆಯೂ ಅದನ್ನೇ ಹೇಳಿತು. ಹೊಸಬರು ಇಲ್ಲೊಂದು ಎಚ್ಚರ ಇಟ್ಟುಕೊಳ್ಳಿ, ಕುರಿಗೆ ತಾಮ್ರ ಹೆಚ್ಚಾದರೂ ಸಾಯುತ್ತದೆ, ಅಂದಾಜಿನಲ್ಲಿ ಕೊಡಬೇಡಿ.

ಸಾಹೇಬರು ಪ್ರಕಾಶನಿಗೆ ಹೇಳಿ ಕಳಿಸಲಿಲ್ಲ. ತಾವೇ ಬಸಪ್ಪನಿಗೆ ಫೋನ್ ಮಾಡಿದರು. “ಬಸಪ್ಪ, ನಾನು ಮೊದ್ಲು ಹೇಳಿದ್ದು ತಪ್ಪಪ್ಪ. ಇದು ಅಂಟಲ್ಲ. ನಿಮ್ಮಕ್ಕನ ಕುರಿ ಜೊತೆ ನಿನ್ ಕುರಿ ಬಿಟ್ರೆ ಏನೂ ಆಗಲ್ಲ. ಹಿಂಗೆ ಅಂತ ಎಲ್ರಿಗೂ ನನ್ ಹೆಸರು ಹೇಳು” ಎಂದರು. ಲ್ಯಾಬಿನಲ್ಲಿ ನಾವೆಲ್ಲ ಇದ್ದೆವು, ಯಾರೂ ಕೇಳದ ಹಾಗೆ ಒಳಗೆ ಹೋಗಿ ಮಾತಾಡಲಿಲ್ಲ. ಮೇಲಧಿಕಾರಿಗಳು ಬಹಳ ಮಂದಿ ಬಂದರು, ಹೋದರು. ನಾನು ಇವತ್ತಿಗೂ ಸಾಹೇಬರು ಎನ್ನುವುದು ಅವರೊಬ್ಬರಿಗೇ.

ಹಿಂಡುಗಳು ಕೂಡಿ ಹೊರಟವು. ದಾರಿಯಲ್ಲಿ ನಮ್ಮ ಲ್ಯಾಬಿದ್ದ ಊರಿನ ಹೊರಗೆ ತಂಗಿದ್ದಾಗ, ಗಬ್ಬದ ಕುರಿಗಳಿಗೆ ಕೊಡುವ ಔಷಧಿ ತೆಗೆದುಕೊಂಡು ಹೋಗಲು ಬಸಪ್ಪ ಮತ್ತು ಈರಕ್ಕ ಲ್ಯಾಬಿಗೆ ಬಂದರು. ಬಸಪ್ಪ ಔಷಧಿಯ ಲೆಕ್ಕ ಕೇಳಿಕೊಳ್ಳುತ್ತಿದ್ದ. ಈರಕ್ಕ ಮೈಕ್ರೋಸ್ಕೋಪಿನ ಕಡೆಯೇ ನೋಡುತ್ತಿದ್ದಳು.

“ನನ್ ಮರಿ ಇದ್ರಾಗೈತಾ?” ಎಂದಳು.

ಸಾಹೇಬರು ಎದ್ದು ತಮ್ಮ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟರು. ನಾನು ಸ್ಲೈಡ್ ಇಟ್ಟು, ಒಂದು ಕಣ್ಣು ಮುಚ್ಚುವುದು ಹೇಗೆಂದು ತೋರಿಸಿದೆ. ಊದಿದ ಕೋಶಗಳನ್ನು ತೋರಿಸಿ, “ಕಾಲು ಎತ್ತಿಸೋವು ಇವು. ಇವಕ್ಕೆ ಶಕ್ತಿ ಇರ್ಲಿಲ್ಲ, ಅದಕ್ಕೆ ಮರಿ ಬೀಳ್ತಿತ್ತು” ಎಂದೆ. ಅವಳು ಹೂಂ ಎಂದಳು. ಕಣ್ಣು ತೆಗೆಯದೆಯೇ ಕೇಳಿದಳು.

“ಆವತ್ತು ನಾನು ಹಿಡ್ಕಂಡಿದ್ನಲ್ಲ. ಅದ್ರ ಬೆನ್ನು ಹಿಂಗೆ ಹೋಗಿತ್ತಲ್ಲ. ನನ್ ಕೈ ಅದಕ್ಕೆ ಗೊತ್ತಾಗಿತ್ತಾ?”

ನಾನು ಸ್ಲೈಡನ್ನು ಮೆಲ್ಲಗೆ ಸರಿಸಿ ಮೇಲಿನ ರೆಕ್ಕೆಯನ್ನು ಅವಳ ಕಣ್ಣಿನ ಕೆಳಗೆ ತಂದೆ. “ಸಣ್ಣ ಸಣ್ಣವು ಕಾಣ್ತಾವಲ್ಲ ಈರಕ್ಕ, ಮುಟ್ಟಿದ್ದು ತಿಳ್ಕೊಳ್ಳೋವು ಅವು. ಅವು ಚೆನ್ನಾಗಿದ್ವು. ಗೊತ್ತಾಗಿತ್ತು.”

“ಸೂಜಿ?”

“ಅದೂ ಗೊತ್ತಾಗಿತ್ತು.”

ಅವಳು ಲೆನ್ಸಿಗೆ ಇನ್ನಷ್ಟು ಬಗ್ಗಿದಳು. ಲೆನ್ಸ್ ಒದ್ದೆಯಾಗಿದ್ದನ್ನು ನಾನು ಆಮೇಲೆ ನೋಡಿದೆ.

“ಕೈ ನಂದೇ ಅಂತ ಗೊತ್ತಿತ್ತಾ ಅದಕ್ಕೆ?”

ಅದನ್ನು ಬೆನ್ನುಹುರಿ ಹೇಳುವುದಿಲ್ಲ. ಯಾವ ಬಣ್ಣ ಹಾಕಿದರೂ ಅದು ಕಾಣುವುದಿಲ್ಲ. “ಗೊತ್ತಿತ್ತು” ಎಂದೆ.

ಸಾಹೇಬರು ನನ್ನ ಹಿಂದೆಯೇ ನಿಂತಿದ್ದರು. ಸ್ಲೈಡಿನಲ್ಲಿ ಇಲ್ಲದ್ದನ್ನು ಹೇಳಿದವರ ಮೇಲೆ ಉರಿದು ಬೀಳುವ ಮನುಷ್ಯ, ಆವತ್ತು ಕಿಟಕಿಯ ಕಡೆ ತಿರುಗಿ ನಿಂತರು.